ಖಾಲಿ ಹರಿಗೋಲಿನ ಪಂದ್ಯ

"ಮನೆಯವರು ಮೂಲೆಯಲ್ಲಿ ಕೂರಬೇಕು, ಹೊರಗಿನವರು ಬಂದು ಪೀಠದ ಮೇಲೆ ಕೂರಬೇಕು. ಇದು ಯಾವ ನ್ಯಾಯ, ಗುರುಗಳೇ?"

ಕೇಳಿದವನು ನಿರ್ವಾಣಪ್ಪ. ಗುರುಗಳ ಹಳೆಯ ಶಿಷ್ಯ. ಒಂದು ಪಕ್ಷದಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಅಧ್ಯಕ್ಷ ಸ್ಥಾನದ ಚುನಾವಣೆ ಹತ್ತಿರ ಬಂದಿತ್ತು. ಹಿಂದಿನ ಮೂರು ಚುನಾವಣೆಗಳಲ್ಲಿ ಪಕ್ಷ ಸೋತಿತ್ತು. ಈ ಸಲ ಪಕ್ಷದ ಕೆಲವರು ಒಬ್ಬ ನಿವೃತ್ತ ದಾದಿಯ ಹೆಸರು ಹೇಳುತ್ತಿದ್ದರು. ಆಕೆ ಒಂದು ದಿನವೂ ಪಕ್ಷದ ಬಾವುಟ ಹಿಡಿದವರಲ್ಲ.

"ಗೋಡೆಗೋಡೆಗೆ ಭಿತ್ತಿಪತ್ರ ಅಂಟಿಸಿದವರು ನಾವು. ಲಾಠಿ ಏಟು ತಿಂದವರು ನಾವು. ಆಕೆ ನಮ್ಮ ಒಂದು ಸಭೆಗೂ ಬಂದಿಲ್ಲ. ಆಕೆಯನ್ನು ಯಾಕೆ ನಿಲ್ಲಿಸಬೇಕು?" ಎಂದ ನಿರ್ವಾಣಪ್ಪ.

"ಅಭ್ಯರ್ಥಿಗಳ ಪಟ್ಟಿಯಲ್ಲಿ ನಿನ್ನ ಹೆಸರೂ ಇದೆಯೇನೋ?" ಎಂದರು ಗುರುಗಳು.

"ಇದೆ. ಮೊದಲನೆಯದೇ ನನ್ನದು. ಈ ಸಲ ನನ್ನ ಸರದಿ."

"ಅಷ್ಟು ಹೇಳುವುದಕ್ಕೆ ಮನೆ, ಮೂಲೆ, ಪೀಠ, ನ್ಯಾಯ ಅಂತ ಊರೆಲ್ಲ ಸುತ್ತಿ ಬಂದೆಯಲ್ಲೋ ಮಹಾರಾಯ! ಕೂತುಕೋ. ನಡುವೆ ಬಾಯಿ ಹಾಕಿದರೆ ನಾನು ಎದ್ದು ಹೋಗುತ್ತೇನೆ."

ನಿರ್ವಾಣಪ್ಪ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ದೊಡ್ಡ ಹೊಳೆ. ಅದಕ್ಕೆ ಸೇತುವೆ ಇಲ್ಲ. ದಾಟಬೇಕಾದರೆ ಹರಿಗೋಲೇ ಗತಿ. ಹೊಳೆ ದಾಟಲು ಎರಡು ಕಡವು. ಒಂದು ಮೇಲಿನ ಕಡವು, ಇನ್ನೊಂದು ಕೆಳಗಿನ ಕಡವು. ಎರಡೂ ಕಡೆ ಅಂಬಿಗರಿದ್ದರು. ಮೂರು ವರ್ಷಕ್ಕೊಮ್ಮೆ ಎರಡು ದಡದ ಜನ ಸೇರಿ ಹೊಳೆಗೆ ಒಬ್ಬ ಯಜಮಾನನನ್ನು ಆರಿಸುತ್ತಿದ್ದರು. ಹರಿಗೋಲು ಯಾವಾಗ ಹೊರಡಬೇಕು, ಯಾವಾಗ ನಿಲ್ಲಬೇಕು, ಯಾರು ಮೊದಲು ಹತ್ತಬೇಕು, ಎಲ್ಲವೂ ಅವನ ಮಾತಿನಂತೆ. ಒಂದೊಂದು ಕಡವಿನಿಂದ ಒಬ್ಬೊಬ್ಬರು ನಿಲ್ಲುತ್ತಿದ್ದರು. ಜನ ತಮಗೆ ಬೇಕಾದವರ ಮುಂದೆ ಒಂದು ಕಲ್ಲು ಇಟ್ಟು ಹೋಗುತ್ತಿದ್ದರು.

ಕೆಳಗಿನ ಕಡವಿನವರು ಮೂರು ಸಲ ಸೋತಿದ್ದರು. ಸಾಲಾಗಿ ನಾಲ್ಕು ಸಲ ಸೋತ ಕಡವನ್ನು ಮುಚ್ಚಬೇಕು ಎಂಬುದು ಆ ಹೊಳೆಯ ಕಟ್ಟಳೆ. ಅಲ್ಲಿ ಅಂಬಿಗರ ನಲವತ್ತು ಮನೆಗಳಿದ್ದವು. ಕಡವು ಹೋದರೆ ನಲವತ್ತು ಮನೆಯವರೂ ಗಂಟುಮೂಟೆ ಕಟ್ಟಬೇಕಾಗಿತ್ತು.

ಇವರು ತಮ್ಮ ಕಡೆಯವನನ್ನು ಹೇಗೆ ಆರಿಸುತ್ತಿದ್ದರು ಗೊತ್ತೇ? ಹರಿಗೋಲಿನ ಪಂದ್ಯ ಇಡುತ್ತಿದ್ದರು. ಈ ದಡದಿಂದ ಆ ದಡಕ್ಕೆ ಹೋಗಿ ತಿರುಗಿ ಬರಬೇಕು. ಮೊದಲು ಬಂದವನೇ ಅಭ್ಯರ್ಥಿ. ಹರಿಗೋಲಿನಲ್ಲಿ ಅಂಬಿಗ ಒಬ್ಬನೇ. ಭಾರ ಹಾಕಿದರೆ ಓಟ ಕೆಡುತ್ತದಲ್ಲ! ಮುತ್ತಜ್ಜನ ಕಾಲದಿಂದ ಬಂದ ಪದ್ಧತಿ. ಒಂದು ಸಲ ಸೋತರು. ಇನ್ನೂ ಜೋರಾಗಿ ಹುಟ್ಟು ಹಾಕುವವನು ಬೇಕು ಎಂದು ಪಂದ್ಯವನ್ನು ಎರಡು ಸುತ್ತು ಮಾಡಿದರು. ಮತ್ತೆ ಸೋತರು. ನಾಲ್ಕು ಸುತ್ತು ಮಾಡಿದರು. ಮತ್ತೂ ಸೋತರು. ಈ ಸಲ ಎಂಟು ಸುತ್ತು ಎಂದು ತೀರ್ಮಾನವಾಯಿತು. ನಗಬೇಡ ನಿರ್ವಾಣಪ್ಪ, ನಿಮ್ಮ ಸಭೆಗಳ ಸುದ್ದಿ ನನಗೂ ಬರುತ್ತದೆ.

ಅಲ್ಲಿ ಒಬ್ಬ ಅಂಬಿಗನಿದ್ದ. ತೋಳಿನಲ್ಲಿ ಕಸುವಿತ್ತು, ಮನಸ್ಸು ಚೊಕ್ಕವಾಗಿತ್ತು. ಒಂದು ಸಲ ದೊಡ್ಡಪ್ಪನ ಸರದಿ ಎಂದು ಹಿಂದೆ ನಿಂತ. ಇನ್ನೊಂದು ಸಲ ಅಣ್ಣನ ಸರದಿ ಎಂದು ನಿಂತ. ಮತ್ತೊಂದು ಸಲ ಭಾವ ಕೈ ಹಿಡಿದುಕೊಂಡ ಎಂದು ಬಿಟ್ಟುಕೊಟ್ಟ. ಹೀಗೆ ಒಂಬತ್ತು ವರ್ಷ ಕಾದಿದ್ದ. ಈ ಸಲ ಅವನಿಗೆ ಯಾರೂ ಅಡ್ಡ ಬರಲಿಲ್ಲ. ಎಂಟು ಸುತ್ತನ್ನೂ ಒಂದೇ ಉಸಿರಿಗೆ ಎಂಬಂತೆ ಮುಗಿಸಿ ಗೆದ್ದ. ಕಡವಿನವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನ ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ಹೆಸರು ಕೊಡಲು ಇನ್ನು ಐದು ದಿನ ಉಳಿದಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಒಬ್ಬ ಕುಂಬಾರಗಿತ್ತಿ ಎದುರಾದಳು. ತಲೆಯ ಮೇಲೆ ಮಡಕೆಯ ಬುಟ್ಟಿ, ಕಂಕುಳಲ್ಲಿ ಎರಡು ಕುಡಿಕೆ. ಕೆಳಗಿನ ಕಡವಿಗೆ ಬೆನ್ನು ಹಾಕಿ ಮೇಲಿನ ಕಡವಿಗೆ ಹೊರಟಿದ್ದಳು. ಅದು ಅಲ್ಲಿಂದ ಒಂದು ಹರದಾರಿ ದೂರ.

"ನಮ್ಮ ಕಡವು ಇಲ್ಲೇ ಇದೆಯಲ್ಲಮ್ಮ, ಈ ಬಿಸಿಲಲ್ಲಿ ಅಷ್ಟು ದೂರ ಯಾಕೆ?" ಎಂದ ಅಂಬಿಗ. "ಇವತ್ತಿನ ಪಂದ್ಯದಲ್ಲಿ ಗೆದ್ದವನು ನಾನೇ. ನನ್ನಷ್ಟು ಬೇಗ ದಾಟಿಸುವವರು ಈ ಹೊಳೆಯಲ್ಲೇ ಇಲ್ಲ."

"ನೋಡಿದೆನಪ್ಪ, ದಡದಲ್ಲೇ ನಿಂತು ನೋಡಿದೆ. ಭೇಷಾಗಿ ಹೋಯಿತು. ಒಂದು ಮಾತು ಕೇಳಲಾ? ಅದರಲ್ಲಿ ಕೂತಿದ್ದವರು ಯಾರು?"

"ಪಂದ್ಯದಲ್ಲಿ ಯಾರು ಕೂರುತ್ತಾರೆ? ಖಾಲಿ."

"ನಾವು ಖಾಲಿಯಲ್ಲವಲ್ಲಪ್ಪ," ಎಂದಳು ಅವಳು.

ಅಂಬಿಗನಿಗೆ ಮೈ ಉರಿಯಿತು. ಈಗಲೇ ಬಾ, ದಾಟಿಸಿ ತೋರಿಸುತ್ತೇನೆ ಎಂದು ಅವಳನ್ನು ಕರೆದುಕೊಂಡು ಹೋಗಿ ಮಡಕೆಯ ಸಮೇತ ಹರಿಗೋಲಿನಲ್ಲಿ ಕೂರಿಸಿದ. ನಡುಹೊಳೆಯವರೆಗೆ ಎಲ್ಲ ಸರಿಯಿತ್ತು. ಆಚೆ ದಡ ಹತ್ತಿರವಾಯಿತು. ಅಂಬಿಗರು ಮಾಡುವುದನ್ನೇ ಅವನೂ ಮಾಡಿದ. ಇನ್ನು ಎರಡು ಮಾರು ಇದೆ ಎನ್ನುವಾಗ ಹಗ್ಗ ಹಿಡಿದು ನೀರಿಗೆ ಹಾರಿ ಹರಿಗೋಲನ್ನು ಎಳೆದ. ಹರಿಗೋಲು ಬಂಡೆಗೆ ಬಡಿಯಿತು. ಹಿಂದೆ ಫಳಫಳ ಎಂದು ಸದ್ದಾಯಿತು. ತಿರುಗಿ ನೋಡಿದ. ನಾಲ್ಕು ಮಡಕೆ ಒಡೆದಿದ್ದವು. ಕುಂಬಾರಗಿತ್ತಿ ಉಳಿದವುಗಳ ಮೇಲೆ ಬೋರಲು ಬಿದ್ದು ಅವನ್ನು ತಬ್ಬಿಕೊಂಡಿದ್ದಳು. ಮೊಣಕೈ ತರಚಿತ್ತು.

"ಅಯ್ಯೋ, ಹೀಗೆ ಬಡಿಯುತ್ತದೆಯೇ?" ಎಂದ ಅವನು.

"ದಿನಾ ಬಡಿಯುತ್ತದೆ. ಬಡಿಯುವ ಹೊತ್ತಿಗೆ ನೀವು ಹಾರಿರುತ್ತೀರಿ. ನಿಮಗೆ ಹೇಗೆ ಗೊತ್ತಾಗಬೇಕು? ಹೋದ ವರ್ಷ ನನ್ನ ಸೊಸೆ ತುಂಬಿದ ಬಸುರಿ. ಅವಳನ್ನು ಈ ಹರಿಗೋಲಿನಲ್ಲಿ ಕೂರಿಸಲು ನನಗೆ ಧೈರ್ಯ ಬರಲಿಲ್ಲ. ಒಂದು ಹರದಾರಿ ನಡೆಸಿದೆ. ಮೇಲಿನ ಕಡವಿನವರು ದೊಡ್ಡ ಜಾಣರೇನಲ್ಲ. ಸೋಮಾರಿಗಳು. ಹಾರುವುದಕ್ಕೂ ಬೇಜಾರು ಅವರಿಗೆ. ಹಾಗಾಗಿ ಹರಿಗೋಲು ಮೆಲ್ಲಗೆ ದಡ ಸೇರುತ್ತದೆ. ನಮಗೆ ಅಷ್ಟೇ ಸಾಕಾಗಿದೆ."

ಮುಂದೇನು ಮಾಡಬೇಕು ಎಂದು ಅವನು ಕೇಳಿದ. ದಡದಲ್ಲಿ ಒಬ್ಬ ಹಗ್ಗ ಹಿಡಿಯಲು ನಿಲ್ಲಲಿ, ಮುಟ್ಟುವ ಮೊದಲು ಒಂದು ಕೂಗು ಹಾಕಲಿ, ಮೆಟ್ಟಿಲಿಳಿದು ಬರುತ್ತಿರುವ ಮುದುಕಿಯನ್ನು ಕಂಡೂ ಕಾಣದವರಂತೆ ಹೊರಟುಬಿಡಬೇಡಿ ಎಂದು ಅವಳು ಹೇಳಿದಳು. ಎಲ್ಲವೂ ಸಣ್ಣ ಮಾತುಗಳೇ. ನಲವತ್ತು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅವಳು ಹೋದ ಮೇಲೆ ಅಂಬಿಗ ಒಬ್ಬನೇ ದಡದಲ್ಲಿ ಕುಳಿತ. ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಕೊನೆಗೆ ಬಹಳ ದುಃಖವಾಯಿತು. ಒಂಬತ್ತು ವರ್ಷ ಕಾದ ಸರದಿಯಲ್ಲವೇ!

"ಗುರುಗಳೇ, ತಪ್ಪಾದರೆ ಕ್ಷಮಿಸಿ," ಎಂದ ನಿರ್ವಾಣಪ್ಪ. "ಅವಳು ಹೇಳಿದ್ದನ್ನು ಅವನೇ ಮಾಡಿ ಅವನೇ ನಿಲ್ಲಬಹುದಿತ್ತಲ್ಲ?"

"ಬಾಯಿ ಹಾಕಿಯೇ ಬಿಟ್ಟೆಯಾ! ಇರಲಿ, ಪ್ರಶ್ನೆ ಚೆನ್ನಾಗಿದೆ. ಬದುಕಿಕೊಂಡೆ," ಎಂದು ಗುರುಗಳು ಮುಂದುವರಿಸಿದರು.

ಅವನಿಗೂ ಹಾಗೆಯೇ ಅನ್ನಿಸಿತು. ಮೂರು ದಿನ ಮಾಡಿಯೂ ನೋಡಿದ. ತಮ್ಮನನ್ನು ದಡದಲ್ಲಿ ಹಗ್ಗ ಹಿಡಿಯಲು ನಿಲ್ಲಿಸಿದ. ಇನ್ನು ಮೇಲೆ ಬಡಿಯುವುದಿಲ್ಲ, ಬನ್ನಿ ಬನ್ನಿ ಎಂದು ಗಂಟಲು ಹರಿಯುವಂತೆ ಕೂಗಿದ. ಜನ ಕೇಳಿಸಿಕೊಂಡರು, ತಲೆಯಾಡಿಸಿದರು, ಮೇಲಿನ ಕಡವಿಗೆ ನಡೆದರು. ಅವರ ತಪ್ಪೇನು? ಅಷ್ಟು ವರ್ಷ ಬಡಿಸಿಕೊಂಡವರು ಬಡಿದವನ ಮಾತನ್ನೇ ನಂಬಬೇಕೇ? ಅದೇ ಮಾತನ್ನು ಕುಂಬಾರಗಿತ್ತಿ ಹೇಳಿದ್ದರೆ ನಂಬುತ್ತಿದ್ದರು. ಅವಳ ಮಡಕೆ ಒಡೆದ ಸುದ್ದಿ ಎಲ್ಲರಿಗೂ ಮುಟ್ಟಿತ್ತು.

ನಾಲ್ಕನೆಯ ದಿನ ಅಂಬಿಗ ಕಡವಿನವರ ಸಭೆ ಕರೆದ. ನಾನು ನಿಲ್ಲುವುದಿಲ್ಲ, ಕುಂಬಾರಗಿತ್ತಿಯನ್ನು ನಿಲ್ಲಿಸೋಣ ಎಂದ. ಸಭೆ ಉರಿದೆದ್ದಿತು. ನಿನಗೆ ತಲೆ ಕೆಟ್ಟಿದೆಯೇ ಎಂದರು. ನಮ್ಮವಳಲ್ಲ, ನಮ್ಮ ಕಡವಿನ ನೀರು ಕುಡಿದವಳಲ್ಲ ಎಂದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನ ದೊಡ್ಡಪ್ಪ.

"ಅವಳಿಗೆ ಹುಟ್ಟು ಹಿಡಿಯಲಿಕ್ಕೂ ಬರುವುದಿಲ್ಲವಲ್ಲೋ!"

"ಹುಟ್ಟು ಹಿಡಿಯಲು ನಾವು ಇಷ್ಟು ಜನ ಇದ್ದೇವಲ್ಲ ದೊಡ್ಡಪ್ಪ. ಕೂತು ದಾಟಿದವರು ನಮ್ಮಲ್ಲಿ ಒಬ್ಬರಾದರೂ ಇದ್ದಾರೆಯೇ?"

ದೊಡ್ಡಪ್ಪ ಒಪ್ಪಲಿಲ್ಲ. ಹಾಗಾದರೆ ಒಂದು ಸಲ ಕೂತು ನೋಡಿ ಎಂದು ಅಂಬಿಗ ಕೈಮುಗಿದ. ಅಷ್ಟು ವಯಸ್ಸಾದ ಮನುಷ್ಯ, ಹುಟ್ಟಿದಂದಿನಿಂದ ಹೊಳೆಯಲ್ಲೇ ಬೆಳೆದವನು, ಜನ ಕೂರುವ ಜಾಗದಲ್ಲಿ ಒಂದು ದಿನವೂ ಕೂತಿರಲಿಲ್ಲ. ಇದೇನು ದೊಡ್ಡ ವಿಷಯ ಎಂದು ಕಾಲು ಚಾಚಿ ಕೂತ. ಹರಿಗೋಲು ನಡೆಸಿದವನು ಅವನ ಮಗನೇ. ಎಂದಿನಂತೆ ಹಾರಿದ, ಎಂದಿನಂತೆ ಎಳೆದ. ದೊಡ್ಡಪ್ಪ ಹಿಂದಕ್ಕೆ ಉರುಳಿ ನಾಲಿಗೆ ಕಚ್ಚಿಕೊಂಡ. ಎದ್ದವನೇ ಮಗನಿಗೆ ಬಾಯಿಗೆ ಬಂದಂತೆ ಬೈದ. ಇದೇನು ಜನರನ್ನು ದಾಟಿಸುವ ರೀತಿಯೇನೋ ಮುಟ್ಠಾಳ ಎಂದ. ಹೇಳಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೇ ತಿಳಿಯಿತು. ಸುತ್ತ ನಿಂತವರು ನಕ್ಕರು. ಅವನೂ ನಕ್ಕ. ಆಯಿತು, ಅವಳನ್ನೇ ನಿಲ್ಲಿಸಿ ಎಂದ.

ಕುಂಬಾರಗಿತ್ತಿ ಸುಲಭವಾಗಿ ಒಪ್ಪಲಿಲ್ಲ. ನನಗೆ ಮಣ್ಣು ಗೊತ್ತು, ನೀರು ಗೊತ್ತಿಲ್ಲ ಎಂದಳು. ನೀರಿನ ವಿಷಯದಲ್ಲಿ ನಮ್ಮನ್ನು ಕೇಳು, ಜನರ ವಿಷಯದಲ್ಲಿ ನಾವು ನಿನ್ನನ್ನು ಕೇಳುತ್ತೇವೆ ಎಂದ ಅಂಬಿಗ. ಆ ಮಾತಿಗೆ ಅವಳು ಹೂಂ ಎಂದಳು. ಮಾರನೆಯ ದಿನವೇ ಅವಳ ಹೆಸರು ಕೊಟ್ಟರು. ಆರಿಸುವ ದಿನ ಎರಡು ದಡದ ಜನರೂ ಬಂದರು. ಮುದುಕಿಯರು ಮೊಮ್ಮಕ್ಕಳ ಕೈ ಹಿಡಿದು ಬಂದರು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಕುಂಬಾರಗಿತ್ತಿಯ ಮುಂದೆ ಕಲ್ಲಿನ ಗುಡ್ಡೆ ಅವಳ ಸೊಂಟದೆತ್ತರ ಬೆಳೆದಿತ್ತು. ಕೆಳಗಿನ ಕಡವು ಉಳಿಯಿತು.

ಅವಳು ತಪ್ಪೇ ಮಾಡಲಿಲ್ಲ ಎಂದು ತಿಳಿಯಬೇಡ. ಮೊದಲ ಮಳೆಗಾಲದಲ್ಲಿ ಹೊಳೆ ಕೆಂಪಾದಾಗ, ಸಂತೆಗೆ ಹೊರಟ ಜನರನ್ನು ಕಂಡು ಕರಗಿ, ಹರಿಗೋಲು ಬಿಡಿ ಎಂದಳು. ಅಂಬಿಗ ಆಗುವುದಿಲ್ಲ ಎಂದ. ನೀರಿನ ಬಣ್ಣ ತೋರಿಸಿದ, ಸುಳಿ ತೋರಿಸಿದ. ಅವಳು ಅವನ ಮಾತು ಕೇಳಿದಳು. ಆ ಮಧ್ಯಾಹ್ನ ಮರದ ದಿಮ್ಮಿಗಳು ತೇಲಿ ಬಂದವು. ಹರಿಗೋಲು ಬಿಟ್ಟಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ. ಅವಳು ಅವನಿಗೆ ಎಲ್ಲರೆದುರು ಕೈಮುಗಿದಳು.

ಗುರುಗಳು ಕತೆ ನಿಲ್ಲಿಸಿ ಶಾಲನ್ನು ಸರಿಮಾಡಿಕೊಂಡರು. ನಿರ್ವಾಣಪ್ಪನ ಕಣ್ಣು ತುಂಬಿತ್ತು.

"ಕುಂಬಾರಗಿತ್ತಿಗೆ ಯಜಮಾನಿಕೆ ಸಿಕ್ಕಿತು. ನಲವತ್ತು ಮನೆಗೆ ಕಡವು ಸಿಕ್ಕಿತು. ಅಷ್ಟು ವರ್ಷ ಕಾದ ಆ ಅಂಬಿಗನಿಗೆ ಏನು ಸಿಕ್ಕಿತು, ಗುರುಗಳೇ?"

"ದಾಟಿಸಲು ಜನ ಸಿಕ್ಕರಲ್ಲೋ, ಅಂಬಿಗನಿಗೆ ಇನ್ನೇನು ಬೇಕು?" ಎಂದರು ಗುರುಗಳು.