ಬೇರೆ ನಿಂತ ಗೆರೆ

“ಸರ್, ಎಲ್ಲ ಮಾದರಿಗಳೂ ಒಂದೇ ಮಾತು ಹೇಳುತ್ತಿರುವಾಗ, ಬೇರೆ ಹೇಳುವ ಒಂದನ್ನು ಕೈಬಿಟ್ಟರೆ ತಪ್ಪೇನು?” ಎಂದು ಶಿಷ್ಯ ಕೇಳಿದ. ಅಂದು ಬೆಳಿಗ್ಗೆಯಷ್ಟೇ ಅವನು ಅಂಥದೊಂದನ್ನು ಕೈಬಿಟ್ಟು ಬಂದಿದ್ದ. ಸಸ್ಯರೋಗ ಶಾಸ್ತ್ರ ಕಲಿಸುವ ಗುರುಗಳು ಅವನಿಗೆ ಒಂದು ಕತೆ ಹೇಳಿದರು.

ತೊಗರಿಯ ಸೀಮೆಯಲ್ಲಿ ಒಬ್ಬ ವಿಜ್ಞಾನಿ ಇದ್ದ. ಅಲ್ಲಿ ನೆಟೆ ರೋಗ ಬಿದ್ದಿತ್ತು. ಮಣ್ಣಿನ ಬೂಷ್ಟು ಬೇರಿನಿಂದ ಏರಿ, ಕಾಯಿ ಕಟ್ಟುವ ಹೊತ್ತಿಗೆ ನಿಂತ ಗಿಡವನ್ನೇ ಒಣಗಿಸುವ ರೋಗ ಅದು. ಆ ಬೂಷ್ಟಿನಲ್ಲಿ ಎಷ್ಟು ಬಗೆಯಿದೆಯೆಂದು ತಿಳಿಯದೆ ರೋಗ ತಡೆಯುವ ತಳಿಯನ್ನು ಆರಿಸುವಂತಿಲ್ಲ. ವಿಜ್ಞಾನಿ ಊರೂರು ಅಲೆದು ಒಣಗಿದ ಕಡ್ಡಿಗಳನ್ನು ತಂದ. ಅವುಗಳಿಂದ ಬೂಷ್ಟು ಬೆಳೆಸಿದ. ಕಣ್ಣಿಗೆ ಎಲ್ಲವೂ ಒಂದೇ ಬಿಳುಪು. ಅದಕ್ಕೇ ಅವುಗಳ ಡಿಎನ್ಎ ತೆಗೆದು, ಅದರ ಗುರುತುಗಳನ್ನು ಗೆರೆಗಳಾಗಿ ಮೂಡಿಸಿ ನೋಡಿದ. ಗೆರೆಗಳೂ ಒಂದೇ ಸಾಲಿನಲ್ಲಿ ನಿಂತವು. ಒಂದು ಮಾದರಿಯ ಗೆರೆ ಮಾತ್ರ ತುಸು ಕೆಳಗೆ ನಿಂತಿತು. ಅದು ಹಳ್ಳದಾಚೆಯ ಒಬ್ಬ ರೈತ ಹೆಂಗಸು ತಾನೇ ಕಿತ್ತು ಕೊಟ್ಟ ಕಡ್ಡಿಯದು.

ವಿಜ್ಞಾನಿ ತನ್ನ ಕೈಯನ್ನೇ ಬೈದುಕೊಂಡ. ಎಲ್ಲೋ ಹೊರಗಿನ ಬೂಷ್ಟು ಸೇರಿಕೊಂಡಿರಬೇಕು ಎಂದುಕೊಂಡ. ಇನ್ನೊಮ್ಮೆ ಮಾಡಿ ನೋಡಬಹುದಿತ್ತು. ಆದರೆ ಅಷ್ಟು ಚೆಂದದ ಸಾಲನ್ನು ಕೆಡಿಸಲು ಯಾರಿಗೆ ಮನಸ್ಸು ಬರುತ್ತದೆ? ಆ ಮಾದರಿಯನ್ನು ಬಿಟ್ಟು, ಈ ಸೀಮೆಯ ಬೂಷ್ಟೆಲ್ಲ ಒಂದೇ ಬಗೆ ಎಂದು ಸಾರಿದ. ಎಲ್ಲರೂ ಬೆನ್ನು ತಟ್ಟಿದರು. ಆ ಒಂದು ಬಗೆಯನ್ನು ತಡೆಯುವ ತಳಿಯನ್ನು ಹುಡುಕಿ, ಅದರ ಬೀಜವನ್ನು ಊರೂರಿಗೆ ಹಂಚಿದರು.

ಆ ಹೆಂಗಸೂ ಬೀಜಕ್ಕೆ ಬಂದಳು. “ಮನ್ಯಾಗ ನಮ್ಮ ಅತ್ತಿ ಕಾಲದ ಬೀಜ ಅದ ರೀ ಸಾಹೇಬ್ರ. ಅರ್ಧ ಒಣಗಿದ್ರೂ ಅರ್ಧ ಉಳೀತದ. ಅದನ್ನ ಬಿಟ್ಟು ಇದನ್ನೇ ಬಿತ್ತಲೇನ್ರಿ?”

“ಬಿತ್ತವ್ವ. ನಿನ್ನ ಹೊಲದ ಕಡ್ಡೀನೂ ನೋಡೀನಿ” ಎಂದ ವಿಜ್ಞಾನಿ. ನೋಡಿದ್ದಂತೂ ನಿಜವೇ.

ಕಾಯಿ ಕಟ್ಟುವ ಹೊತ್ತಿಗೆ ಉಳಿದವರ ಹೊಲಗಳು ಹಸಿರಾಗಿದ್ದವು. ಹಳ್ಳದಾಚೆಯ ಆ ಹೊಲದಲ್ಲಿ ಒಂದು ಗಿಡವೂ ನಿಲ್ಲಲಿಲ್ಲ. ಸುದ್ದಿ ಕೇಳಿದ ವಿಜ್ಞಾನಿ ಫ್ರಿಜ್ಜಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮಾದರಿಯನ್ನು ತೆಗೆದು ಮತ್ತೆ ಪರೀಕ್ಷಿಸಿದ. ಗೆರೆ ಮೊದಲು ನಿಂತಲ್ಲೇ ನಿಂತಿತು. ಅವನ ಕೈ ತಪ್ಪಿರಲಿಲ್ಲ. ಅವನು ಹೊಲಕ್ಕೆ ಓಡಿದ.

“ನಿಮ್ಮ ಅತ್ತಿ ಬೀಜ ಒಂದು ಹಿಡಿ ಆದ್ರೂ ಉಳದದ ಏನವ್ವ?”

“ಇನ್ನ ಬೇಕಾಗಂಗಿಲ್ಲ ಅಂತ ಬ್ಯಾಳಿ ಮಾಡಿ ಉಂಡ್ವಿ” ಎಂದಳು. ಅವಳು ಬೈಯಲಿಲ್ಲ. ಒಣಗಿದ ಕಡ್ಡಿಯೊಂದನ್ನು ಕಿತ್ತು ಅವನ ಕೈಗಿಟ್ಟು, “ಆವತ್ತೂ ಇದನ್ನೇ ಕೊಟ್ಟಿದ್ನಲ್ರಿ. ಅದು ಏನೂ ಹೇಳಲಿಲ್ಲೇನ್ರಿ?” ಎಂದು ಕೇಳಿದಳು.

ಕಡ್ಡಿ ಹೇಳಿತ್ತು, ಅವನು ಕೇಳಿರಲಿಲ್ಲ. ತಳಿಯನ್ನು ಇನ್ನೊಮ್ಮೆ ಹುಡುಕಬಹುದಿತ್ತು, ಉಂಡು ಮುಗಿಸಿದ ಬೀಜವನ್ನು ಎಲ್ಲಿಂದ ತರುವುದು? ಆ ಕೊರಗು ಅವನನ್ನು ಬದುಕಿರುವವರೆಗೂ ಬಿಡಲಿಲ್ಲ.

“ಪಾಪ, ಅವನು ಇನ್ನೊಮ್ಮೆ ನೋಡಬೇಕಿತ್ತು” ಎಂದ ಶಿಷ್ಯ.

ಗುರುಗಳು ಕೇಳಿದರು: “ಇವತ್ತು ಬೆಳಿಗ್ಗೆ ನೀನು ಕೈಬಿಟ್ಟೆಯಲ್ಲ, ಆ ಕಡ್ಡಿ ಯಾರ ಹೊಲದ್ದು?”