ಹೇಳಿ ಕಳಿಸುತ್ತೇವೆ ಎಂದವರು

"ಸರ್, ಒಬ್ಬರ ಮಾತಿಗೆ ಎಷ್ಟ್ ದಿನಾ ಕಾಯಬೇಕ್ರೀ?" ಎಂದು ನೀಲವ್ವ ಕೇಳಿದಳು.

ಅವಳು ಪಿಯುಸಿ ಎರಡನೆಯ ವರ್ಷದ ಹುಡುಗಿ. ಕುಸ್ತಿಯಲ್ಲಿ ಜಿಲ್ಲೆಗೆ ಮೊದಲಿಗಳು. ನಗರದ ದೊಡ್ಡ ಕಾಲೇಜೊಂದರ ಕೋಚ್ ಅವಳ ಕುಸ್ತಿ ನೋಡಿ, ಕ್ರೀಡಾ ಕೋಟಾದ ಆಸೆ ಹುಟ್ಟಿಸಿ ಹೋಗಿದ್ದರು. ವಿಡಿಯೋ ಕಳಿಸು ಎಂದರು, ಕಳಿಸಿದಳು. ಎರಡು ಕಿಲೋ ಇಳಿಸು ಎಂದರು, ರಾತ್ರಿಯ ರೊಟ್ಟಿ ಬಿಟ್ಟು ಇಳಿಸಿದಳು. ಆಮೇಲೆ ಬಾ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಐದು ತಿಂಗಳಾಗಿತ್ತು. ಹುಡುಗಿ ಬಳಲಿದ್ದಳು.

ಅವಳಿಗೆ ಕುಸ್ತಿ ಕಲಿಸಿದ ಕಲ್ಲನಗೌಡ ಮಾಸ್ತರರೂ ದಣಿದಿದ್ದರು. ಮೂವತ್ತು ವರ್ಷಗಳಿಂದ ಮಕ್ಕಳ ಬಾಯಲ್ಲಿ ಈ ಪ್ರಶ್ನೆ ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಕಟ್ಟೆಯ ಮೇಲೆ ಕುಳಿತು ಕತೆ ಹೇಳಿದರು.

ಒಬ್ಬ ಜಟ್ಟಿ ಇದ್ದ. ರಾಜಧಾನಿಯ ದೊಡ್ಡ ಗರಡಿಗೆ ಸೇರಬೇಕೆಂಬುದು ಅವನ ಆಸೆ. ಅಲ್ಲಿಗೆ ಹೋಗಿ ತನ್ನ ಪಟ್ಟುಗಳನ್ನೆಲ್ಲ ತೋರಿಸಿದ. ಅಲ್ಲಿಯ ಗುರು ಅವನ ತೋಳು ಮುಟ್ಟಿ ನೋಡಿ, ಹೇಳಿ ಕಳಿಸುತ್ತೇವೆ ಎಂದ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹೇಳುವ ಮಾತೂ ಇದೇ. ಜಟ್ಟಿಗೆ ಅದು ತಿಳಿಯಲಿಲ್ಲ. ಆಸೆ ಇದ್ದವನ ಕಿವಿ ಮಂದ. ಊರಿಗೆ ಬಂದು ದಾರಿ ಕಾದ. ಎಲ್ಲಾದರೂ ಸೋತರೆ ಸುದ್ದಿ ರಾಜಧಾನಿಗೆ ಮುಟ್ಟೀತೆಂದು ಕಣಕ್ಕೇ ಇಳಿಯಲಿಲ್ಲ.

ಹೊಳೆಯಾಚೆ ಒಂದು ಸಣ್ಣ ಗರಡಿ ಇತ್ತು. ಅಲ್ಲಿಯ ಗುರುವಿಗೆ ಇವನ ಮೇಲೆ ಮನಸ್ಸು. ಪ್ರತಿ ಅಮಾವಾಸ್ಯೆಗೂ ಅಂಬಿಗನ ಕೈಯಲ್ಲಿ ಕೇಳಿಸುತ್ತಿದ್ದ, ಬರುತ್ತಾನೇನು ಎಂದು. ಜಟ್ಟಿ ಬೇಡ ಎನ್ನಲಿಲ್ಲ. ದೊಡ್ಡದು ತಪ್ಪಿದರೆ ಇದಾದರೂ ಇರಲಿ ಎಂದುಕೊಂಡು, ನೋಡೋಣ ಎನ್ನುತ್ತಿದ್ದ.

ವರ್ಷ ಕಳೆಯಿತು. ತಡೆಯಲಾರದೆ ಜಟ್ಟಿ ರಾಜಧಾನಿಗೆ ನಡೆದ. ದೊಡ್ಡ ಗುರು ಅವನನ್ನು ಮೇಲಿಂದ ಕೆಳಗೆ ನೋಡಿ, ಯಾವೂರಪ್ಪ ನಿನ್ನದು ಎಂದು ಕೇಳಿದ. ಜಟ್ಟಿ ಊರಿನ ಹೆಸರನ್ನೂ ಹೇಳದೆ ಹಿಂದಿರುಗಿದ. ದಾರಿಯುದ್ದಕ್ಕೂ ಬೈದುಕೊಂಡ. ಬೇಡ ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ನೆಟ್ಟಗೆ ಹೊಳೆ ದಾಟಿ ಸಣ್ಣ ಗರಡಿಗೆ ಬಂದ. ಅಲ್ಲಿ ಗುರು ಒಬ್ಬನೇ ಕುಳಿತಿದ್ದ.

"ಬಂದೆ, ಗುರುವೇ."

"ತಡವಾಯಿತಪ್ಪ. ನಿನ್ನ ತೂಕದವನು ನನ್ನಲ್ಲಿ ಒಬ್ಬನಿದ್ದ. ನೀನು ಅವನಿಗೆ ಜೋಡಿಯಾಗುತ್ತೀಯೆಂದು ನಾನು ಬೇರೆ ಯಾರನ್ನೂ ತರಲಿಲ್ಲ. ವರ್ಷವಿಡೀ ಕಂಬದ ಜೊತೆ ಸೆಣಸಿ ಬೇಸತ್ತು, ಮೊನ್ನೆ ಕುಸ್ತಿಯನ್ನೇ ಬಿಟ್ಟು ಹೋದ. ನೀನು ಬೇಡ ಎಂದಿದ್ದರೆ ಅವನು ಉಳಿಯುತ್ತಿದ್ದ."

ಮಾಸ್ತರರು ಕತೆ ನಿಲ್ಲಿಸಿದರು. ನೀಲವ್ವನಿಗೆ ಸಿಟ್ಟು ಬಂದಿತ್ತು.

"ಆ ದೊಡ್ಡ ಗರಡಿ ಗುರೂಗ ಮನುಷ್ಯತ್ವ ಇಲ್ಲೇನ್ರೀ ಸರ್? ಒಂದ್ ಮಾತು ಹೇಳಾಕ ಏನಾಗಿತ್ತು ಅವಗ?"

ಮಾಸ್ತರರು ಮೊಣಕಾಲು ಹಿಡಿದು ಎದ್ದರು.

"ತಾಲೂಕು ಕಾಲೇಜಿನ ಮೇಡಂ ನಿನಗಂತ ಒಂದು ಸೀಟು ಇಟ್ಕೊಂಡು ಕುಂತಾರವ್ವಾ, ನೀ ಎರಡು ತಿಂಗಳಿಂದ ಅವರ ಫೋನ್ ಎತ್ತವಲ್ಲಿ."