ಕುಂಬಾರರ ಮಣ್ಣಲ್ಲಿ ಮಲಗಿದ ಆಮೆ

ಒಂದಾನೊಂದು ಕಾಲದಲ್ಲಿ, ದೇವರು ಸೂರ್ಯನನ್ನ ಭೂಮಿಗೆ ಇನ್ನೊಂದಿಷ್ಟು ಹತ್ತಿರ ಇಟ್ಟಿದ್ದ ಕಾಲ ಅಂತ ಇಟ್ಟುಕೋ, ಒಂದೂರಲ್ಲಿ ಹಂಪಮ್ಮ ಅಂತ ಕುಂಬಾರ ಮುದುಕಿ ಇದ್ದಳಂತೆ. ಅವಳಿಗೆ ಮೂವರು ಗಂಡುಮಕ್ಕಳು: ಹುಲಿಗೆಪ್ಪ, ಯಂಕೋಬ, ತಾಯಪ್ಪ. ಕಿರಿಯವನಾದ ತಾಯಪ್ಪನ ಹೆಂಡತಿ ಪಂಪವ್ವ ತವರಿಂದ ಬರುವಾಗ ಒಂದು ನೆಲದ ಆಮೆ ತಂದಿದ್ದಳಂತೆ. ಮಡಿಲು ಇನ್ನೂ ತುಂಬಿರಲಿಲ್ಲ ನೋಡು, ಅದನ್ನೇ ಕೂಸಿನ ಹಾಗೆ ಸಾಕುತ್ತಿದ್ದಳು.

ಆ ವರ್ಷ ಎಂಥಾ ಬಿಸಿಲು ಅಂತೀಯಾ, ಅಂಗಳದ ಬಂಡೆ ಮೇಲೆ ಜೋಳ ಚೆಲ್ಲಿದರೆ ಅರಳಾಗುತ್ತಿತ್ತಂತೆ. ಆಮೆ ಮೇವು ಬಿಟ್ಟಿತು, ಬಾಯಲ್ಲಿ ನೊರೆ ಬಂತು. ಪಂಪವ್ವ ಗೋಳೋ ಅಂತ ಅತ್ತಳು.

ಆಮೆ ಅಂದಮೇಲೆ ನೀರು ಬೇಕು ತಾನೇ ಅಂತ ಹುಲಿಗೆಪ್ಪ ಅದನ್ನ ದೊಡ್ಡ ಹರವಿಯ ನೀರಿಗೆ ಇಳಿಬಿಟ್ಟನಂತೆ. ನೆಲದ ಆಮೆಗೆ ಈಜು ಎಲ್ಲಿಂದ ಬರಬೇಕು, ಅದು ಕಲ್ಲಿನ ಹಾಗೆ ಮುಳುಗಿತು. ಪಂಪವ್ವ ಓಡಿಬಂದು ಎತ್ತಿದಳು. ಆಮೇಲೆ ಯಂಕೋಬ ನಕ್ಕು, ಅಣ್ಣಾ ನೀನು ಬಿಡು, ನಮ್ಮ ಗಡಿಗೆಯಷ್ಟು ತಂಪು ಲೋಕದಲ್ಲಿ ಇನ್ಯಾವುದಿದೆ ಅಂತ, ಹೊಸ ಗಡಿಗೆಯಲ್ಲಿ ಅದನ್ನಿಟ್ಟು ಮೇಲೊಂದು ಮುಚ್ಚಳ ಇಟ್ಟನಂತೆ. ಗಡಿಗೆ ತಂಪಾಗೋದು ಒಳಗಿನ ನೀರು ಜಿನುಗಿದರೆ, ಬರಿ ಗಡಿಗೆ ಬಿಸಿಲಲ್ಲಿ ಕಾಯುತ್ತೆ ಅನ್ನೋದು ಕುಂಬಾರನಿಗೇ ಮರೆತುಹೋಯಿತು! ಮುಚ್ಚಳ ತೆಗೆದರೆ ಪಾಪ, ಕತ್ತು ಜೋತುಬಿದ್ದಿತ್ತು.

ಆಮೇಲೆ ಪಂಪವ್ವ ಯಾರ ಮಾತೂ ಕೇಳಲಿಲ್ಲ. ಅದರ ಮೈಮೇಲೆ ನೀರು ಚಿಮುಕಿಸಿ, ಬೇವಿನ ನೆರಳಲ್ಲಿ ಇಳಿಸಿ, ನಿನ್ನನ್ನ ಹುಟ್ಟಿಸಿದವನೇ ದಾರಿ ತೋರಿಸಲಿ ನಡಿಯವ್ವಾ ಅಂದಳಂತೆ. ಅದು ತೆವಳುತ್ತಾ ತೆವಳುತ್ತಾ ಒದ್ದೆ ಗೋಣಿ ಹೊದಿಸಿದ್ದ ಜೇಡಿಮಣ್ಣಿನ ಗುಡ್ಡೆಗೆ ಹೋಗಿ, ಮುಂಗಾಲಲ್ಲಿ ತೋಡಿ ತೋಡಿ ಒಳಗಿಳಿದು ಮಾಯವಾಯಿತಂತೆ.

ಬೆಳಗಾದರೆ ಆ ಮಣ್ಣು ತುಳಿಯಬೇಕು. ದಾರಿಹೋಕರ ಅರವಟ್ಟಿಗೆಗೆ ಗಡಿಗೆ ಕೊಡುತ್ತೀನಿ ಅಂತ ಹಂಪಮ್ಮ ದೇವರಿಗೆ ಹರಕೆ ಹೊತ್ತಿದ್ದಳಲ್ಲ. ಪಂಪವ್ವ ಗುಡ್ಡೆಗೆ ಅಡ್ಡ ನಿಂತಳು. ಏನೇ, ದೇವರಿಗಿಂತ ನಿನ್ನ ಆಮೆ ದೊಡ್ಡದೇನೇ ಅಂತ ಅತ್ತೆ ಗದರಿದಳು. ಅತ್ತೇ, ಹರಕೆ ಹೊರಿಸಿದವನೂ ಅವನೇ, ಇದನ್ನ ಇಲ್ಲಿ ಮಲಗಿಸಿದವನೂ ಅವನೇ, ಅವನಿಗೆ ಅವನೇ ಅಡ್ಡ ಬರ್ತಾನಾ, ಕೆರೆಯಿಂದ ಬೇರೆ ಮಣ್ಣು ನಾನೇ ಹೊತ್ತು ತರ್ತೀನಿ ಅಂದಳಂತೆ. ಅಂದವಳೇ ಬುಟ್ಟಿ ಹೊತ್ತು ಹೊರಟಳು. ಆಮೇಲೆ ತಾಯಪ್ಪ ಹಿಂದೆ ಹೋದ, ಅವನ ಹಿಂದೆ ಗೊಣಗುತ್ತಾ ಅಣ್ಣಂದಿರೂ ಹೋದರು. ಗಡಿಗೆ ಆದವು, ದಾರಿಹೋಕರು ತಣ್ಣೀರು ಕುಡಿದು ಹರಸಿದರು.

ಆದರೆ ಗುಡ್ಡೆ ಮಿಸುಕಲಿಲ್ಲ. ಪಂಪವ್ವ ಸಂಜೆಮುಂಜಾನೆ ಗೋಣಿ ನೆನೆಸುವಳು, ದೇವರ ಹೆಸರು ಹೇಳುವಳು. ಏನವ್ವಾ, ಸಮಾಧಿಗೆ ನೀರೆರೀತೀಯಾ ಅಂತ ಯಂಕೋಬ ಕೆಣಕಿದ. ಅವತ್ತು ಅವಳು ಅಗೆದು ನೋಡೇಬಿಡೋಣ ಅಂತ ಕೈ ಚಾಚಿದಳು. ಆಮೇಲೆ, ಅಯ್ಯೋ, ಮಲಗಿದ ಕೂಸನ್ನ ಎಬ್ಬಿಸಿ ನಿದ್ದೆ ಬಂತಾ ಅಂತ ಯಾರಾದರೂ ಕೇಳ್ತಾರಾ, ಕಾಯೋನು ಎಚ್ಚರ ಇದ್ದಾನೆ ಅಂತ ಕೈ ಹಿಂದೆಳೆದುಕೊಂಡು ಮತ್ತೊಂದು ತಂಬಿಗೆ ನೀರು ಹನಿಸಿದಳಂತೆ.

ಒಂದಿನ ಮೋಡ ಕವಿದು, ಮೊದಲ ಮಳೆ ದಬದಬ ಬಿತ್ತು. ಎಲ್ಲರೂ ಚಪ್ಪರದಡಿ ನಿಂತು ನೋಡುತ್ತಾರೆ, ಗುಡ್ಡೆ ಬಿರುಕು ಬಿಟ್ಟಿತು, ಮಣ್ಣು ಮೆತ್ತಿದ ಪುಟ್ಟ ಮೂತಿ ಹೊರಗೆ ಬಂತು! ಮೊದಲು ಕೈಮುಗಿದವಳು ಹಂಪಮ್ಮನೇ. ಯಂಕೋಬ ಕಲ್ಲಂಗಡಿ ಹೋಳು ತಂದು ಮುಂದಿಟ್ಟನಂತೆ. ಅದು ಕಚಕ್ಕನೆ ಕಚ್ಚಿತು. ಪಂಪವ್ವ ನಗುತ್ತಾಳೋ ಅಳುತ್ತಾಳೋ, ಆ ಮಳೆಯಲ್ಲಿ ಯಾರಿಗೆ ಗೊತ್ತಾಗಬೇಕು.

ಅವತ್ತಿಂದ ಆ ಮನೆಯವರು ಬೇಸಿಗೆ ಬಂದರೆ ಒಂದು ಗುಡ್ಡೆ ಮಣ್ಣು ಮುಟ್ಟದೆ ಬಿಡುತ್ತಿದ್ದರಂತೆ, ಎಲ್ಲರೂ ತಣ್ಣಗೆ ಬಾಳಿದರಂತೆ. ಆಮೆ ಮಣ್ಣೊಳಗೆ, ನೀನು ಕೌದಿಯೊಳಗೆ, ಇಬ್ಬರೂ ದೇವರ ಕೈಯೊಳಗೆ. ಕತೆ ಮುಗೀತು, ಕಣ್ಣು ಮುಚ್ಚು ಕಂದಾ.